ಬಾಗಿಲಿಂದ ವಾಪಸ್ ಹೋದ ಸಮನ್ಸು

ನಮ್ಮಕ್ಕ ಹೊಲಿಗೆಯವಳು. ಭಾವ ತೀರಿಕೊಂಡ ಮೇಲೆ ಮಹಡಿ ಮೆಟ್ಟಿಲ ಕೆಳಗಿನ ಗೂಡಿನಂಥ ಬಾಡಿಗೆ ಅಂಗಡಿಯೇ ಅವಳ ಅನ್ನ, ಮಗಳ ಓದು, ಎಲ್ಲ. ಬಾಯಿ ಜೋರು. ಅಳತೆ ಕೊಡುವಾಗ ಯಾರಾದರೂ ಹೊಟ್ಟೆ ಒಳಗೆಳೆದುಕೊಂಡರೆ, "ಉಸಿರು ಬಿಡ್ರೀ, ಟೇಪಿಗೇ ಟೋಪಿ ಹಾಕ್ತೀರಾ?" ಅಂತ ಮುಖಕ್ಕೇ ಹೇಳುವವಳು. ಅಂಥವಳಿಗೂ ಕೋರ್ಟು ಅಂದರೆ ಭಯ.

ನಮ್ಮ ಬೀದಿಯ ಅಂಗಡಿಯವರದ್ದೊಂದು ರೂಢಿ. ಕೋರ್ಟಿನ ಅಮೀನ ಕಾಗದ ಹಿಡಿದು ಬಂದರೆ ಕೈ ಹಿಂದಕ್ಕೆ ಕಟ್ಟಿಕೊಂಡು "ನಂಗೆ ಬೇಡ" ಅನ್ನುವುದು. ಮುಟ್ಟದಿದ್ದರೆ ಕೇಸು ತಾಗುವುದಿಲ್ಲವಂತೆ! ಯಾವ ಪುಣ್ಯಾತ್ಮ ಕಲಿಸಿದನೋ. ಅಂಗಡಿ ಖಾಲಿ ಮಾಡಿಸಲು ಅಕ್ಕನ ಮೇಲೆ ಗುಟ್ಟಾಗಿ ದಾವೆ ಹಾಕಿದ್ದ ಮಾಲೀಕ, ಅಮೀನ ಬಂದ ಬೆಳಿಗ್ಗೆ ತಾನೇ ಅಂಗಡಿ ಮುಂದೆ ಹಾಜರಾದ.

"ತಗೋಬೇಡ ತಂಗಿ. ಸಹಿ ಹಾಕಿದ್ರೆ ನಿನ್ನ ತಲೆ ಮೇಲೆ ಬರುತ್ತೆ. ಇದೆಲ್ಲ ಕಟ್ಟಡದ ತಕರಾರು, ನಾನು ನೋಡ್ಕೊಳ್ತೀನಿ" ಅಂದ.

ತಂಗಿಯಂತೆ ತಂಗಿ! ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅಕ್ಕ ಅವನನ್ನು ನಂಬಿ ಸಮನ್ಸು ವಾಪಸ್ ಕಳಿಸಿದಳು. ಅಮೀನ 'ನಿರಾಕರಿಸಿದ್ದಾರೆ' ಎಂದು ಬರೆದುಕೊಂಡು ಹೋದ.

ಕೆಲವು ತಿಂಗಳ ಮೇಲೆ ಅದೇ ಅಮೀನ ಪೊಲೀಸರ ಜೊತೆ ಬಂದ. "ಎಕ್ಸ್‌ಪಾರ್ಟಿ ಡಿಕ್ರಿ ಆಗಿದೆಯಮ್ಮ" ಅಂದವನೇ ಅಂಗಡಿಗೆ ಬೀಗ ಜಡಿದ. ತೋಳು ಕೂಡಿಸದ ಅಂಗಿ ಮಿಷಿನ್ನಿನ ಸೂಜಿ ಕೆಳಗೇ ಉಳಿಯಿತು.

ವಕೀಲರ ಹತ್ತಿರ ಓಡಿದೆವು. ಆ ಮಾತಿಗೆ ಅರ್ಥವೇನೆಂದು ಕೇಳಿದರೆ, "ಅದೆಲ್ಲ ನಿಮಗೆ ತಿಳಿಯಲ್ಲಮ್ಮ, ಇಲ್ಲಿ ಸಹಿ ಹಾಕಿ" ಅಂದರು. ನನಗೆ ಪಿತ್ತ ನೆತ್ತಿಗೇರಿತು.

"ಅಂಗಡಿ ಹೋಗಿದ್ದು ನಮ್ದು ಸ್ವಾಮಿ. ಯಾಕೆ ಹೋಯ್ತು ಅಂತಾದ್ರೂ ತಿಳೀಬಾರ್ದಾ? ಬಿಡಿಸಿ ಹೇಳಿದ್ರೆ ನಿಮ್ಮ ಕರಿ ಕೋಟು ಬಣ್ಣ ಬಿಡುತ್ತಾ?"

ಗೊಣಗುತ್ತಲೇ ಬಿಡಿಸಿ ಹೇಳಿದರು. ಸಮನ್ಸು ಅಂದರೆ ಶಿಕ್ಷೆಯಲ್ಲ, ಬಂದು ನಿಮ್ಮ ಮಾತು ಹೇಳಿ ಎಂಬ ಕರೆ. ಬೇಡವೆಂದು ಹಿಂದಕ್ಕೆ ಕಳಿಸಿದರೂ ತಲುಪಿದ ಹಾಗೆಯೇ. ಕರೆದರೂ ಬಾರದಿದ್ದರೆ, ದಾವೆ ಹಾಕಿದ ವಾದಿಯ ಮಾತಷ್ಟೇ ಕೇಳಿ ತೀರ್ಮಾನಿಸುತ್ತಾರೆ, ಅದೇ ಎಕ್ಸ್‌ಪಾರ್ಟಿ. ಡಿಕ್ರಿ ಅಂದರೆ ಆ ತೀರ್ಮಾನದ ಆಜ್ಞೆ.

"ಅಂದ್ರೆ ನನ್ನ ಮಾತು ಕೇಳೋಕೇ ಕರೆದಿದ್ರಾ? ನಾನೇ ಬೇಡ ಅಂದ್ನಾ?" ಅಂತ ಅಕ್ಕ ಅತ್ತುಬಿಟ್ಟಳು. ಇಷ್ಟು ಸಣ್ಣ ಮಾತನ್ನು ಮೊದಲೇ ಹೇಳಲು ಆ ಅಮೀನನಿಗೆ ಏನು ದಾಡಿಯಾಗಿತ್ತು?

ವಕೀಲರು ಉಪಾಯ ಹೂಡಿದರು. "ಸಮನ್ಸು ಬಂದೇ ಇಲ್ಲ ಅಂತ ಅಫಿಡವಿಟ್ ಹಾಕೋಣ."

"ಹಾಗಂದ್ರೇನು?" ಅಂದಳು ಅಕ್ಕ.

"ಪ್ರಮಾಣ ಮಾಡಿ ಬರೆದುಕೊಡೋ ಹೇಳಿಕೆ."

"ಹಾಗಾದ್ರೆ ನಡೆದದ್ದೇ ಬರೀರಿ."

ವಕೀಲರು ತಲೆ ಚಚ್ಚಿಕೊಂಡರು. ನಿಜ ಹೇಳಿ ಇರುವ ಒಂದು ದಾರಿಯನ್ನೂ ಮುಚ್ಚಿಕೊಳ್ಳುತ್ತಾಳಲ್ಲ ಎಂದು ನನಗೂ ಅನ್ನಿಸಿತು. ಆದರೆ ಅಕ್ಕನ ಹಟ ಅಂದರೆ ಹಟ.

ನಡೆದದ್ದನ್ನೇ ಬರೆದ ಆ ಅಫಿಡವಿಟ್ಟನ್ನು ಜಡ್ಜಮ್ಮ ಓದಿ ಮಾಲೀಕನತ್ತ ತಿರುಗಿದರು. "ಸಮನ್ಸು ತಗೋಬೇಡಿ ಅಂತ ಹೇಳಿದ್ದು ನೀವೇನಾ?"

ಅವನ ವಕೀಲ ಬಾಯಿ ತೆರೆಯುವಷ್ಟರಲ್ಲಿ ಈ ಮಹಾನುಭಾವ ಎದೆಯುಬ್ಬಿಸಿದ. "ಹೌದು ಮೇಡಂ, ನಮ್ಮ ಬೀದೀಲಿ ಎಲ್ರಿಗೂ ಬುದ್ಧಿ ಹೇಳೋದು ನಾನೇ. ಪಾಪ ಹೆಣ್ಮಗಳು, ಕೋರ್ಟಿಗೆ ಅಲೀದಿರ್ಲಿ ಅಂತ ಒಳ್ಳೇದಕ್ಕೇ ಹೇಳ್ದೆ!"

ಅವನ ವಕೀಲ ಹಣೆ ಹಿಡಿದುಕೊಂಡ. ಜಡ್ಜಮ್ಮನ ಮುಖ ಕೆಂಪಾಯಿತು. ಡಿಕ್ರಿ ರದ್ದು, ದಾವೆ ಮತ್ತೆ ಮೊದಲಿನಿಂದ, ತೀರ್ಮಾನವಾಗುವವರೆಗೆ ಅಂಗಡಿ ಅಕ್ಕನ ಕೈಯಲ್ಲಿ ಎಂದು ಆದೇಶವಾಯಿತು.

ಹೊರಗೆ ವರಾಂಡದಲ್ಲಿ ಮಾಲೀಕ ಹಲ್ಲು ಕಿರಿಯುತ್ತ ಎದುರಾದ. ಇಷ್ಟಾದರೂ ನಾಚಿಕೆ ಬೇಡವಾ?

"ನೀನು ಯಾಕೆ ಸುಮ್ನೆ ಓಡಾಡ್ತೀಯಮ್ಮ? ಮುಂದಿನ ಸಲ ಬರ್ಲೇಬೇಡ. ನಾನೇ ಎಲ್ಲ ಹೇಳಿ ಮುಗಿಸ್ತೀನಿ."

"ಹೇಳಿ" ಅಂದಳು ಅಕ್ಕ. "ಜಡ್ಜಮ್ಮನ ಮುಂದೇನೇ ಹೇಳಿ. ಪಕ್ಕದಲ್ಲಿ ನಾನೂ ನಿಂತಿರ್ತೀನಿ."