ಅಪ್ಪ ಕೆಮ್ಮದ ಕೆಮ್ಮು

ನಾನು ಚಿಕ್ಕವನಿದ್ದಾಗ ನನಗೆ ಸ್ವಂತದ್ದು ಅಂತ ಒಂದು ದನಿಯೇ ಇರಲಿಲ್ಲ. ಊರಿನವರ ದನಿಗಳೆಲ್ಲ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದವು. ಹಾಲು ಮಾರುವ ಅಜ್ಜಿ, ಬಸ್ಸಿನ ಕಂಡಕ್ಟರು, ಮೂಗಿನಲ್ಲೇ ಮಗ್ಗಿ ಹೇಳಿಸುವ ನಮ್ಮ ಮಾಸ್ತರರು, ಯಾರು ಬೇಕೆಂದರೂ ಕರೆಸುತ್ತಿದ್ದೆ. ನನ್ನದೇ ದನಿಯಲ್ಲಿ ಮಾತಾಡಿದರೆ ಮಾತ್ರ ಯಾರೂ ನಗುತ್ತಿರಲಿಲ್ಲ. ಅದಕ್ಕೇ ಅದನ್ನು ಹೆಚ್ಚು ಬಳಸಲಿಲ್ಲ. ಒಂಬತ್ತು ವರ್ಷದ ಈ ಹುಡುಗನ ಮೈಯಲ್ಲಿ ಎಲುಬು ಕಡಿಮೆ, ನಾಲಿಗೆ ಹೆಚ್ಚು ಎಂದು ಅವ್ವ ಅನ್ನುತ್ತಿದ್ದಳು.

ಆಗ ನಮ್ಮ ಮೂಡಲಗಿಯಲ್ಲಿ ಒಂದು ಕಾಲೇಜು ಶುರುವಾಗಿತ್ತು. ಈಗ ಹುಡುಕಿಕೊಂಡು ಹೋಗಬೇಡಿ, ಸಿಗುವುದಿಲ್ಲ. ತೆರೆದಷ್ಟೇ ಬೇಗ ಅದು ಬಾಗಿಲು ಮುಚ್ಚಿಕೊಂಡಿತು. ಹತ್ತಿ ತುಂಬುತ್ತಿದ್ದ ಹಳೆಯ ಗೋದಾಮಿಗೆ ಸುಣ್ಣ ಬಳಿದು, ಬಾಗಿಲಿಗೆ ಒಂದು ಬೋರ್ಡು ಹೊಡೆದಿದ್ದರು, ಅಷ್ಟೇ. ಒಳಗೆ ಕಾಲಿಟ್ಟರೆ ಹತ್ತಿಕಾಳಿನ ಎಣ್ಣೆವಾಸನೆ. ಗಾಳಿ ಬೀಸಿದರೆ ತೊಲೆಯ ಮೇಲಿನ ಅರಳೆ ಇಳಿದು ಪ್ರೊಫೆಸರರ ತಲೆಯ ಮೇಲೆ ಕೂರುತ್ತಿತ್ತು. ಕಲಾ ವಿಭಾಗ ಒಂದೇ. ಇತಿಹಾಸ ಹೇಳುವವರೇ ತರ್ಕಶಾಸ್ತ್ರವನ್ನೂ ಹೇಳುತ್ತಿದ್ದರು, ಹಾಗಾಗಿ ಅವರ ರಾಜರೆಲ್ಲ ಬಹಳ ವಿಚಾರ ಮಾಡಿಯೇ ಯುದ್ಧಕ್ಕೆ ಹೊರಡುತ್ತಿದ್ದರು. ಅಪ್ಪ ಅಲ್ಲಿ ಕ್ಲಾರ್ಕು.

ಅಕ್ಕ ಮ್ಯಾಟ್ರಿಕ್ ಪಾಸಾಗಿ ಎರಡು ವರ್ಷ ಮನೆಯಲ್ಲೇ ಇದ್ದಳು. ನಮ್ಮ ಹೊಸ್ತಿಲಿನಿಂದ ಆ ಕಾಲೇಜಿಗೆ ನಾನೂರು ಹೆಜ್ಜೆ. ಅವಳೇ ಎಣಿಸಿದ್ದಳು. ಕಲಿಯುತ್ತೇನೆ ಎಂದು ಕೇಳಿದಾಗಲೆಲ್ಲ ಅಪ್ಪನದು ಒಂದೇ ಉತ್ತರ: “ನೀ ಬಿ.ಎ. ಆದ್ರ ನಿನಗ ಎಂ.ಎ. ಆದ ಗಂಡ ಬೇಕಾಗತಾನವಾ. ಅವನ್ನ ಎಲ್ಲಿಂದ ತರ್ಲಿ?”

ಅಪ್ಪ ಕಾಲೇಜಿನ ರದ್ದಿ ಕಾಗದವನ್ನು ಒಲೆ ಹೊತ್ತಿಸಲು ಮನೆಗೆ ತರುತ್ತಿದ್ದ. ಮಸಿ ಹರಡಿದ ಪಾಠದ ಟಿಪ್ಪಣಿಗಳು, ಹಳೆಯ ಪ್ರಶ್ನೆಪತ್ರಿಕೆಗಳು. ಅಕ್ಕ ಒಂದೊಂದು ಹಾಳೆಯನ್ನೂ ಓದಿದ ಮೇಲೆಯೇ ಬೆಂಕಿಗೆ ಕೊಡುತ್ತಿದ್ದಳು. ನಮ್ಮ ಮನೆಯಲ್ಲಿ ರೊಟ್ಟಿ ತಡವಾಗುತ್ತಿದ್ದುದು ತರ್ಕಶಾಸ್ತ್ರದಿಂದ. ಟಿಪ್ಪಣಿ ಅರ್ಧಕ್ಕೇ ನಿಂತರೆ “ಇದರ ಮುಂದಿನ ಹಾಳಿ ಎಲ್ಲೈತಿ?” ಎಂದು ಕೇಳುತ್ತಿದ್ದಳು. “ಅದು ನಿನ್ನೆ ಸುಟ್ಟೇನಿ,” ಎಂದು ಅವ್ವ ಹೇಳುತ್ತಿದ್ದಳು.

ಒಂದು ದಿನ ವಿಶ್ವವಿದ್ಯಾಲಯದ ಕಮಿಟಿ ಬರುತ್ತದೆಂದು ಸುದ್ದಿ ಬಂತು. ಅವರು ನೋಡಿ ಒಪ್ಪಿದರೆ ಕಾಲೇಜು ಉಳಿಯುತ್ತದೆ, ಅಪ್ಪನ ಪಗಾರವೂ ಉಳಿಯುತ್ತದೆ. ತೊಂದರೆ ಏನೆಂದರೆ ಹಾಜರಿ ಪುಸ್ತಕದಲ್ಲಿ ಹೆಸರು ಬಹಳ, ಬೆಂಚಿನ ಮೇಲೆ ಹುಡುಗರು ಕಡಿಮೆ. ಗೋಕಾಕದಿಂದ ಎತ್ತಿನ ಗಾಡಿಯಲ್ಲಿ ಒಂದು ದಿನದ ಮಟ್ಟಿಗೆ ಪುಸ್ತಕ ಬಂದವು. ಪಕ್ಕದ ಕನ್ನಡ ಸಾಲೆಯಿಂದ ಬೆಂಚು ಬಂದವು. ಆಮೇಲೆ ಬಂದವರು ವಿದ್ಯಾರ್ಥಿಗಳು: ಪೇಟೆಯ ಸಿಂಪಿಗ, ಗರಡಿಯ ಪೈಲ್ವಾನ, ಸುಮ್ಮನೆ ಕಟ್ಟೆ ಮೇಲೆ ಕೂರುವ ನಾಲ್ಕಾರು ಜನ. ಪುಸ್ತಕದಲ್ಲಿ ಹೆಣ್ಣು ಹೆಸರು ಒಂದೇ ಒಂದು, ಸುಶೀಲಾ. ಆಕೆ ನಡುವರ್ಷದಲ್ಲೇ ಮದುವೆಯಾಗಿ ಹುಕ್ಕೇರಿಗೆ ಹೋಗಿಬಿಟ್ಟಿದ್ದಳು. ಹುಡುಗಿಯೂ ಓದುತ್ತಾಳೆಂದರೆ ಕಮಿಟಿಯವರ ಮನಸ್ಸು ಕರಗುತ್ತದೆ ಎಂದು ಪ್ರಿನ್ಸಿಪಾಲರು ಹೇಳಿದ್ದರಂತೆ.

“ನಾಳೆ ಒಂದ ದಿನಾ ನೀ ಸುಶೀಲಾ ಆಗವಾ,” ಎಂದ ಅಪ್ಪ.

ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಎರಡು ವರ್ಷ ಕೇಳಿದ್ದು ಹೀಗೆ ಬಂತು, ಇನ್ನೊಬ್ಬಳ ಹೆಸರಿನಲ್ಲಿ, ಒಂದು ದಿನಕ್ಕೆ.

ಆ ಸಂಜೆ ಗೋದಾಮಿನಲ್ಲಿ ತಾಲೀಮು ನಡೆಯಿತು. ಕಮಿಟಿಯ ಅಧ್ಯಕ್ಷನ ಪಾತ್ರ ಯಾರದು? ನನ್ನದೇ. ಅವರನ್ನು ನೋಡಿಯೇ ಇರಲಿಲ್ಲ, ಆದರೂ ಹೊಟ್ಟೆ ಮುಂದೆ ಮಾಡಿ, ಗಂಟಲು ದಪ್ಪ ಮಾಡಿ, “ಏಯ್, ನಿನ್ನ ಹೆಸರೇನೋ?” ಎಂದು ಗುಡುಗಿದೆ. ಪೈಲ್ವಾನ ಹೆದರಿ ತನ್ನ ಸ್ವಂತ ಹೆಸರನ್ನೇ ಹೇಳಿಬಿಟ್ಟ. ಆಗ ಅಪ್ಪ ಒಂದು ಉಪಾಯ ಮಾಡಿದ. “ನಾ ಬಾಗಲದಾಗ ನಿಂತಿರ್ತೇನಿ. ಹೆಸರು ತಪ್ಪತೈತಿ ಅನಿಸಿದ್ರ ಎರಡ ಸಲಾ ಕೆಮ್ಮತೇನಿ. ಕೆಮ್ಮು ಕೇಳಿಸಿದ ಕೂಡ್ಲೇ ಪುಸ್ತಕದಾಗಿನ ಹೆಸರು ಹೇಳ್ರಿ.”

ಮೂಗಿಗೆ ತಪಕೀರು ಏರಿಸುವ ಅಪ್ಪನ ಕೆಮ್ಮು ಊರಿಗೇ ಗೊತ್ತು: ಒಂದು ಒಣದು, ಒಂದು ಉದ್ದದ್ದು. ನಡುವೆ ಒಂದು ಉಸಿರಿನಷ್ಟು ಸಂದು. ನಾನು ಕಂಬದ ಹಿಂದೆ ನಿಂತು ಅದನ್ನೇ ಕೆಮ್ಮಿದೆ. ಆರು ಜನ ಒಟ್ಟಿಗೇ ಎದ್ದು ಆರು ಸುಳ್ಳು ಹೆಸರು ಕೂಗಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅಕ್ಕನೂ ನಕ್ಕಳು. ಅವಳು ಹಾಗೆ ನಕ್ಕದ್ದು ಅದೇ ಕೊನೆ ಎಂದು ಹೇಳಿದರೆ ಸುಳ್ಳಾದೀತು. ಆದರೆ ನನ್ನ ಆಟಕ್ಕೆ ನಕ್ಕದ್ದು ಅದೇ ಕೊನೆ.

ಮರುದಿನ ಅಕ್ಕ ಅವ್ವನ ಇಳಕಲ್ ಸೀರೆ ಉಟ್ಟು, ಬೇಡವೆಂದರೂ ಒಂದು ನೋಟುಬುಕ್ಕು ಹಿಡಿದು ಹೋದಳು. ಪೆನ್ಸಿಲನ್ನು ಸೂಜಿಯಷ್ಟು ಚೂಪು ಮಾಡಿಕೊಂಡಿದ್ದಳು. ಹೊಸ ಸುಣ್ಣದ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ನಾನು ಹೊರಗೆ ಚೀಲದ ರಾಶಿ ಹತ್ತಿ, ಕಿಟಕಿಗೆ ಮೂಗು ಹಚ್ಚಿ ಕುಳಿತೆ.

ಅಧ್ಯಕ್ಷರು ಬಂದರು. ನನ್ನ ಅಣಕು ಪೂರಾ ತಪ್ಪಾಗಿತ್ತು. ಅವರು ಸಣಕಲು ಮನುಷ್ಯ, ದನಿ ಮೆತ್ತಗೆ. ಧುಪದಾಳದ ದಾರಿಯ ಧೂಳು ಕೋಟಿನ ಮೇಲೆ ಹಾಗೇ ಇತ್ತು. ಅವರು ಯಾರ ಹೆಸರನ್ನೂ ಕೇಳಲಿಲ್ಲ. ಅಷ್ಟರಲ್ಲಿ ಪಕ್ಕದ ಹತ್ತಿ ಜಿನ್ನಿನ ಹನ್ನೆರಡರ ಸೈರನ್ನು, ನಮ್ಮೂರ ಮಾತಿನಲ್ಲಿ ಭೋಂಗಾ, ಕೂಗಿತು. ಅವರು ನಕ್ಕು, “ಭೋಂಗಾ ಆತು, ಎಲ್ಲಾರಿಗೂ ಹಸಿವ್ಯಾತು. ಭೋಂಗಾ ಮೊದಲ, ಹಸಿವು ಆಮ್ಯಾಲೆ. ಹಂಗಾರ ಭೋಂಗಾದಿಂದನಽ ಹಸಿವಾತು ಅನ್ನಬೇಕೇನು?” ಎಂದರು.

ಸಿಂಪಿಗ ಪೈಲ್ವಾನನನ್ನು ನೋಡಿದ. ಪೈಲ್ವಾನ ತೊಲೆಯನ್ನು ನೋಡಿದ. ನಿಜವಾದ ವಿದ್ಯಾರ್ಥಿಗಳು ತಮ್ಮ ಕಾಲಿನ ಬೆರಳು ನೋಡಿಕೊಂಡರು. ಅಕ್ಕ ಎದ್ದು ನಿಂತಳು.

“ಹೋದ ತಿಂಗಳ ಭೋಂಗಾ ಕೆಟ್ಟಿತ್ರಿ. ಎಂಟ ದಿನಾ ಕೂಗಲಿಲ್ಲರಿ. ಹಸಿವಿಗೇನೂ ಸೂಟಿ ಸಿಗಲಿಲ್ಲರಿ.”

ಅಧ್ಯಕ್ಷರು ಚಷ್ಮಾ ತೆಗೆದು ಅವಳನ್ನೇ ನೋಡಿದರು. ಇನ್ನೆರಡು ಪ್ರಶ್ನೆ ಕೇಳಿದರು. ಅಕ್ಕ ಒಲೆಗೆ ಹಾಕಿದ ಹಾಳೆಗಳನ್ನೆಲ್ಲ ಬೆಂಕಿಯಿಂದ ಮರಳಿ ಹಿರಿದು ತಂದಳು. ಅವರು ಕಿಸೆಯಿಂದ ಸಣ್ಣ ಡೈರಿ ತೆಗೆದರು. “ನಿನ್ನ ಹೆಸರೇನವಾ?”

ಅಕ್ಕ ಬಾಗಿಲ ಕಡೆ ನೋಡಿದಳು. ಅಪ್ಪ ಅಲ್ಲಿರಲಿಲ್ಲ, ಕಾರಿನ ಡ್ರೈವರನಿಗೆ ಚಹಾ ಕೊಡಿಸಲು ಹೋಗಿದ್ದ. ಅವಳ ತುಟಿಗಳೆರಡೂ ಕೂಡಿದ್ದನ್ನು ನಾನು ಕಂಡೆ. ಸುಶೀಲಾ ಅನ್ನಲು ತುಟಿ ಕೂಡಿಸಬೇಕಿಲ್ಲ. ಅವಳ ಸ್ವಂತ ಹೆಸರು ಶುರುವಾಗುವುದೇ ಹಾಗೆ.

ನಾನು ಕೆಮ್ಮಿದೆ. ಒಂದು ಒಣದು, ಒಂದು ಉದ್ದದ್ದು.

ಯಾಕೆ ಕೆಮ್ಮಿದೆ? ಅಪ್ಪನ ಕೆಲಸ ಉಳಿಸಲೆಂದು ಹೇಳಿದರೆ ಚೆನ್ನಾಗಿರುತ್ತದೆ. ನಿಜ ಬೇರೆ. ಆರು ಜನ ಎದ್ದು ನಿಂತ ನಿನ್ನೆಯ ಮೋಜು ನನ್ನ ಗಂಟಲಲ್ಲೇ ಕೂತಿತ್ತು. ಹೊಡೆದರೆ ಕುಣಿಯುವ ಬುಗುರಿ ಕೈಯಲ್ಲಿದ್ದರೆ ಯಾವ ಹುಡುಗ ಸುಮ್ಮನಿರುತ್ತಾನೆ?

“ಸುಶೀಲಾ,” ಎಂದಳು ಅಕ್ಕ.

“ಸುಶೀಲಾ, ಮುಂದಿನ ಜೂನಿಗೆ ಧಾರವಾಡಕ್ಕ ಬಾ. ನನ್ನ ಕಾಲೇಜಿನಾಗ ಫೀ ಬ್ಯಾಡ, ಹುಡುಗ್ಯಾರಿಗೆ ಹಾಸ್ಟೆಲ್ಲೂ ಐತಿ. ನಾ ಕಾಗದಾ ಬರೀತೇನಿ,” ಎಂದು ಅವರು ಡೈರಿಯಲ್ಲಿ ಬರೆದುಕೊಂಡರು.

ಕಾರು ಧೂಳೆಬ್ಬಿಸಿ ಹೋಯಿತು. ಪೈಲ್ವಾನ ಅಂಗಿ ಕಳಚಿ ಹೆಗಲಿಗೆ ಹಾಕಿಕೊಂಡ. ಗಾಡಿಯವನು ಪುಸ್ತಕ ಹೇರಿದ. ಎಲ್ಲ ಬೆಂಚೂ ಹೋದವು, ಒಂದು ಉಳಿಯಿತು. ಅದರ ಮೇಲೆ ಅಕ್ಕ ಕುಳಿತೇ ಇದ್ದಳು. “ಏಳವಾ, ಮುಗೀತು. ಬೆಂಚ ಸಾಲಿಗೆ ಹೋಗಬೇಕು,” ಎಂದ ಅಪ್ಪ. ಅವಳು ಎದ್ದಳು. ಇಬ್ಬರು ಬಂದು ಬೆಂಚು ಹೊತ್ತೊಯ್ದರು.

ಅಧ್ಯಕ್ಷರು ಮಾತಿಗೆ ತಪ್ಪಲಿಲ್ಲ. ತಿಂಗಳೊಳಗೆ ಕಾಲೇಜಿಗೆ ಕಾಗದ ಬಂತು, ಸುಶೀಲಾ ಎಂಬ ಹೆಸರಿಗೆ. ಅಪ್ಪ ಮನೆಗೆ ತಂದು ಮೂರು ಸಲ ಓದಿದ. ನಿಜ ಬರೆದರೆ ಕಾಲೇಜು ಉಳಿಯುವುದಿಲ್ಲ. ಕೊನೆಗೆ ವಿಳಾಸದ ಮೇಲೆ ಗೀಟು ಎಳೆದು ಹುಕ್ಕೇರಿ ಎಂದು ಬರೆದ.

“ಅಪ್ಪಾ, ಅದು ನಂದು.”

“ಹೆಸರು ನಿಂದಲ್ಲವಾ.”

“ನಂದ ಹೇಳಾಕತ್ತಿದ್ನಿ. ನೀನಽ ಕೆಮ್ಮಿದಿ.”

“ನಾ ಎಲ್ಲಿ ಕೆಮ್ಮಿನಿ? ಖರೇನ, ನಾ ಚಹಾದ ಅಂಗಡ್ಯಾಗಿದ್ನಿ!”

ನಾನು ಅಲ್ಲೇ ರೊಟ್ಟಿ ತಿನ್ನುತ್ತಾ ಕುಳಿತಿದ್ದೆ. ಊರಿನವರ ದನಿಯೆಲ್ಲ ಇದ್ದ ಗಂಟಲಿನಿಂದ ಆಗ ಒಂದೂ ಹೊರಡಲಿಲ್ಲ.

ಹುಕ್ಕೇರಿಗೆ ಹೋದ ಆ ಕಾಗದಕ್ಕೆ ಏನಾಯಿತೆಂದು ಯಾರೂ ಹೇಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅಕ್ಕ ಮದುವೆಯಾಗಿ ದಡ್ಡಿ ಎಂಬ ಊರಿಗೆ ಹೋದಳು. ತವರಿಗೆ ಬಂದರೆ ಅಪ್ಪನಿಗೆ ನೀರು ಕೊಡುತ್ತಿದ್ದಳು, ಊಟ ಬಡಿಸುತ್ತಿದ್ದಳು, ಮಾತು ಮಾತ್ರ ಬಡಿಸಲಿಲ್ಲ. ಅಪ್ಪ ಹಾಸಿಗೆ ಹಿಡಿದಾಗಲೂ “ನಾ ಕೆಮ್ಮಿದ್ದಿಲ್ಲವಾ” ಎಂದೇ ಹೇಳುತ್ತಿದ್ದ. ಅವಳು ನಂಬಲಿಲ್ಲ. ನಾನು ಸುಮ್ಮನಿದ್ದೆ. ಕೆಮ್ಮು ಮೊದಲು, ಹೆಸರು ಆಮೇಲೆ. ಹಾಗೆಂದು ಕೆಮ್ಮಿನಿಂದಲೇ ಬಂತು ಅನ್ನಬೇಕೇ? ಅಕ್ಕನ ತರ್ಕದ ಪಾಠವನ್ನು ನಾನು ಕಲಿತದ್ದು ಇಷ್ಟಕ್ಕೇ, ತಪ್ಪಿಸಿಕೊಳ್ಳಲಿಕ್ಕೆ.

ಮೊಮ್ಮಕ್ಕಳೇ, ನೀವೆಲ್ಲ ಕೊರಳಲ್ಲಿ ಹೆಸರು, ಫೋಟೋ ಎರಡೂ ತೂಗುಹಾಕಿಕೊಂಡು ಕಾಲೇಜಿಗೆ ಹೋಗುತ್ತೀರಿ. ಹಬ್ಬಕ್ಕೆ ಬಂದಾಗ ಅವರನ್ನು ಮಾಡು, ಇವರನ್ನು ಮಾಡು ಎಂದು ನನ್ನನ್ನು ಕುಣಿಸುತ್ತೀರಿ. “ಮುತ್ತಜ್ಜನ್ನ ಮಾಡು” ಎಂದಾಗ ಮಾತ್ರ ನನಗೆ ನಿದ್ದೆ ಬರುತ್ತದೆ. ಯಾಕೆಂದು ಈಗ ತಿಳಿಯಿತಲ್ಲ.

ಮೊನ್ನೆ ನಮ್ಮ ದೊಡ್ಡ ಮೊಮ್ಮಗಳು ಪಕ್ಕದಲ್ಲೇ ಕುಳಿತು ಕಾಲೇಜಿನ ಅರ್ಜಿ ತುಂಬುತ್ತಿದ್ದಳು. ದಡ್ಡಿಯಿಂದ ಅಕ್ಕನ ಫೋನು ಬಂತು. ಮಾತಿನ ನಡುವೆ ನನಗೆ ಕೆಮ್ಮು ಬಂತು. ವಯಸ್ಸು ನೋಡಿ, ತಪಕೀರು ಮುಟ್ಟದಿದ್ದರೂ ಗಂಟಲು ಅಪ್ಪನದೇ ಆಗಿದೆ. ಒಂದು ಒಣದು, ಒಂದು ಉದ್ದದ್ದು.

ಆ ಕಡೆಯಿಂದ ಅಕ್ಕ ಕೇಳಿದಳು, “ನೀನಽ?”

“ಹೂಂ,” ಎಂದೆ, ನನ್ನದೇ ದನಿಯಲ್ಲಿ.

ಫೋನು ಕಟ್ಟಾಯಿತು. ಪಕ್ಕದಲ್ಲಿ ಮೊಮ್ಮಗಳು ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಒತ್ತುತ್ತಿದ್ದಳು. ಒಮ್ಮೆಯೂ ಬಾಗಿಲ ಕಡೆ ನೋಡಲಿಲ್ಲ.