ತೊಟ್ಟಿಲ ಹಾಡು ಕಟ್ಟಿದ ಮಾಸ್ತರರು

ಆಗೆಲ್ಲ ಇಳಕಲ್ಲಿನ ನಮ್ಮ ಓಣಿಯಲ್ಲಿ ಡಿಸೆಂಬರ್ ಬಂತೆಂದರೆ ಕ್ರಿಸ್ಮಸ್ಸಿನ ಕರ್ಚಿಕಾಯಿ ಕರಿಯುವ ಎಣ್ಣೆಯ ವಾಸನೆಯೂ ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆಯೂ ಒಂದಾಗುತ್ತಿದ್ದವು. ನಿಮ್ಮ ಹಬ್ಬಕ್ಕೂ ಅಂಥದೊಂದು ವಾಸನೆ ಇದ್ದೀತು. ನಾನು ಮಾತ್ರ ಈಗ ಮನೆಯಲ್ಲಿ ಕರ್ಚಿಕಾಯಿ ಕರಿಯುವುದಿಲ್ಲ.

ದೇವದಾನಪ್ಪ ಮಾಸ್ತರರು ವಾರವಿಡೀ ಸೀರೆ ನೇಯುತ್ತಿದ್ದರು, ರವಿವಾರ ನಮ್ಮ ಸಣ್ಣ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಪುಸ್ತಕದ ಹಳೆಯ ಕೀರ್ತನೆಗಳ ಧಾಟಿ ನಮ್ಮ ಬಾಯಿಗೆ ಹೊಂದುವುದಿಲ್ಲವೆಂದು, ಮಗ್ಗದ ಬಡಿತಕ್ಕೆ ಕೂಡುವಂಥ ಹಾಡುಗಳನ್ನು ತಾವೇ ಕಟ್ಟುತ್ತಿದ್ದರು. ಮಾತಾಡುವಾಗ 'ತ' ಅಕ್ಷರ ಬಂದರೆ ನಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ಹಾಡುವಾಗ ಒಮ್ಮೆಯೂ ಎಡವಿದ್ದಿಲ್ಲ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಅವರೊಂದು ಕ್ರಿಸ್ಮಸ್ ಹಾಡು ಕಟ್ಟಿದರು: 'ತೊಟ್ಟಿಲಾಗ ಮಲಗ್ಯಾನ ತಾರೆಗಳ ಒಡೆಯ'. ಐದು ನುಡಿ. ಹೊಸ ಕೀರ್ತನೆ ಪುಸ್ತಕಕ್ಕೆ ಹಾಡು ಆರಿಸುವ ಹಿರಿಯರೊಬ್ಬರು ಧಾರವಾಡದಿಂದ ಹಬ್ಬಕ್ಕೆ ಬರುವವರಿದ್ದರು. ತಿಂಗಳುಗಟ್ಟಲೆ ಮಾಸ್ತರರು ನಮಗೆ ಕಲಿಸಿದರು, ದಿನಾ ಸಂಜೆ ಬೊಗಸೆಗೆ ಪುಠಾಣಿ ಹಾಕುತ್ತಿದ್ದರು. ಶುರುವಿನ ಸಾಲು ಒಬ್ಬಳೇ ಹಾಡುವುದು ನನಗೇ ಅಂದುಕೊಂಡಿದ್ದೆ. ಅದನ್ನು ನನ್ನ ಗೆಳತಿ ಶಾಂತಾಗೆ ಕೊಟ್ಟರು.

"ನಿನ್ನ ದನಿ ಛಲೋ ಐತಿ. ಆದ್ರ ನೀ ಹಾಡು ಕೇಳಂಗಿಲ್ಲ, ನಿನ್ನ ದನೀನ ಕೇಳ್ತಿ" ಎಂದರು.

ಅದು ಖರೆಯೇ ಆಗಿತ್ತು. ಅದಕ್ಕೇ ಸಿಟ್ಟು ಬಂತು. ಚರ್ಚಿನ ಹಿಂದೆ ಗಜ್ಜುಗ ಆಡುವಾಗ ಎಲ್ಲರಿಗೂ ಹೇಳಿದೆ, "ಹಬ್ಬದ ದಿನ ಎಲ್ಲಾರೂ ಮಾಸ್ತರ್ರು ಮಾತಾಡಿದಂಗ ಹಾಡೂಣು."

"ಬ್ಯಾಡವಾ, ಪಾಪ" ಎಂದಳು ಶಾಂತಾ.

"ಹಂಗಾರ ನಿನ್ನ ಆಟಕ್ಕ ಕರ್ಕೊಳ್ಳಂಗಿಲ್ಲ."

ಅವಳು ಅತ್ತಳು. ಆಮೇಲೆ ಒಪ್ಪಿದಳು.

ಹಬ್ಬದ ಬೆಳಿಗ್ಗೆ ಚರ್ಚು ತುಂಬಿತ್ತು. ಶಾಂತಾ 'ತೊ ತೊ ತೊಟ್ಟಿಲಾಗ' ಎಂದು ಎತ್ತಿಕೊಂಡಳು. ನಾವೆಲ್ಲ 'ತಾ ತಾ ತಾರೆಗಳ' ಎಂದು ಕೂಡಿಕೊಂಡೆವು. ಜನ ಘೊಳ್ಳೆಂದು ನಕ್ಕರು. ಧಾರವಾಡದ ಹಿರಿಯರು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಮಾಸ್ತರರು ಎದ್ದು ನಿಂತು ಅವರಿಗೆ ಏನೋ ಹೇಳಹೋದರು. "ತ... ತ..." ಎಂದು ನಿಂತುಬಿಟ್ಟರು. ನಗು ಇಮ್ಮಡಿಯಾಯಿತು. ನಮ್ಮವ್ವನೂ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದಳು. ಅದನ್ನು ಕಂಡು ನನಗೆ ಇನ್ನಷ್ಟು ಹುರುಪು ಬಂದು ದನಿ ಏರಿಸಿದೆ.

"ಹುಡುಗೂರು ಭಾಳ ಮಜಾ ಮಾಡಿದ್ರು" ಎಂದು ಹಿರಿಯರು ಊಟಕ್ಕೆ ಎದ್ದರು. ಹಾಡು ಪುಸ್ತಕಕ್ಕೆ ಹೋಗಲಿಲ್ಲ.

ಶುರು ಮಾಡಿದವಳು ನಾನೆಂದು ಶಾಂತಾಳಿಂದ ತಿಳಿದು ಮರುದಿನ ಮಾಸ್ತರರು ನಮ್ಮ ಬಾಗಿಲಿಗೆ ಬಂದರು. "ನಾ ನಿನಗ ಏನ ಮಾಡಿದ್ನೆವಾ?" ಎಂದು ಕೇಳಿದರು. ಒಂದಕ್ಷರವೂ ತೊದಲಲಿಲ್ಲ.

ನಾನು ಅವ್ವನ ಹಿಂದೆ ಸರಿದೆ. ಅವ್ವನೇ ಹೇಳಿದಳು, "ಸಣ್ಣ ಹುಡುಗೂರು ನಗಲಿಕ್ಕಂತ ಮಾಡ್ಯಾವ. ನೀವು ಮನಸಿಗೆ ಹಚ್ಕೊಂಡ್ರ ಹೆಂಗರಿ?"

ಅದೇ ವಾರ ಅವರು ಹಾಡಿನ ವಹಿಯನ್ನು ಗಂಜಿ ಕಾಯಿಸುವ ಒಲೆಗೆ ಹಾಕಿದರಂತೆ. ಅವರ ಹೆಂಡತಿ ನಳದ ಹತ್ತಿರ ಹೇಳಿ ಅತ್ತರು. ಆಮೇಲೆ ಸಾಯುವ ತನಕ ಮಾಸ್ತರರು ಚರ್ಚಿನ ಕೊನೆಯ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತರು.

ಈಗ ನಾನು ಧಾರವಾಡದ ವಿದ್ಯಾಗಿರಿಯ ಸಾಲೆಯೊಂದರಲ್ಲಿ ಸಂಗೀತ ಕಲಿಸುತ್ತೇನೆ. ಹೋದ ಕ್ರಿಸ್ಮಸ್ಸಿಗೆ ಇಳಕಲ್ಲಿಗೆ ಹೋಗಿದ್ದೆ. ಚರ್ಚಿನಲ್ಲಿ ಮಕ್ಕಳು ಚಪ್ಪಾಳೆ ತಟ್ಟಿ 'ತೊ ತೊ ತೊಟ್ಟಿಲಾಗ' ಎಂದು ಹಾಡಿದರು, ಒಂದೇ ನುಡಿಗೆ ನಿಲ್ಲಿಸಿದರು.

"ಉಳಿದ ನುಡಿ?" ಎಂದು ಕಲಿಸುವ ಹುಡುಗಿಯನ್ನು ಕೇಳಿದೆ.

"ಇರೋದ ಇಷ್ಟ ನೋಡ್ರಿ. ಯಾರ ಕಟ್ಯಾರೋ ಗೊತ್ತಿಲ್ಲ. ಆ ತೊ ತೊ ಅನ್ನೋದು ಹುಡುಗೂರಿಗೆ ಭಾಳ ಸೇರ್ತೈತ್ರಿ."

ತಿಂಗಳುಗಟ್ಟಲೆ ಹಾಡಿದ್ದ ಉಳಿದ ನಾಲ್ಕು ನುಡಿಗಳಲ್ಲಿ ಒಂದು ಸಾಲೂ ನನಗೆ ನೆನಪಾಗಲಿಲ್ಲ. ಮಾಸ್ತರರ ಹೆಸರನ್ನಾದರೂ ಹೇಳಬಹುದಿತ್ತು. ಹೇಳಿದ್ದರೆ ಆ ತೊದಲನ್ನು ಸೇರಿಸಿದವರು ಯಾರೆಂದೂ ಹೇಳಬೇಕಾಗುತ್ತಿತ್ತು. ಹಾಡು ಛಲೋ ಐತಿ ಎಂದು ಹೇಳಿ ಎದ್ದು ಬಂದೆ.