ಹನ್ನೆರಡು ಹೊಡೆಯುವ ಮೊದಲು

ಸೂಲಗಿತ್ತಿ ಕಲ್ಲೆದೆಯವಳು. ನಲವತ್ತು ವರ್ಷಗಳಿಂದ ಊರಿನ ಕೂಸುಗಳನ್ನೆಲ್ಲ ಎತ್ತಿಕೊಂಡ ಕೈ ಅದು. ಒಂದನ್ನಾದರೂ ಮುದ್ದಿಸಿದ್ದನ್ನು ಕಂಡವರಿಲ್ಲ. ಗುಲಾಮಗಿರಿ ತೊಲಗಲಿ ಎಂದು ಸಂಘದವರು ಮನೆಮನೆ ತಿರುಗಿ ರುಜು ಕೇಳಿದಾಗ, "ನನಗೆ ಬರೆಯೋಕೆ ಬರೋದು ಎರಡೇ. ಹುಟ್ಟಿದ ಹೊತ್ತು, ಆಮೇಲೆ ಗಂಡೋ ಹೆಣ್ಣೋ" ಎಂದು ಬಾಗಿಲು ಹಾಕಿಕೊಂಡಿದ್ದಳು. ಧಣಿಯ ಮನೆಯಲ್ಲಿ ಬಟ್ಟೆ ಒಗೆಯುವ ಅಕ್ಕ-ತಂಗಿಯರಲ್ಲಿ ಅಕ್ಕ ಅದನ್ನು ಮರೆತಿರಲಿಲ್ಲ.

ಸಂಘದವರು ಹನ್ನೊಂದು ವರ್ಷ ಗಂಟಲು ಹರಿದುಕೊಂಡು ಕೇಳಿದ್ದು ಎಲ್ಲರ ಬಿಡುಗಡೆ. ಕಾನೂನು ಕೊಟ್ಟದ್ದು ಅರೆಬರೆ: ಈ ದಿನ ಕಚೇರಿಯ ಗಂಟೆ ಮಧ್ಯಾಹ್ನ ಹನ್ನೆರಡು ಹೊಡೆದ ಮೇಲೆ ಹುಟ್ಟುವ ಮಕ್ಕಳು ಮಾತ್ರ ಸ್ವತಂತ್ರರು. ಮೊದಲೇ ಹುಟ್ಟಿದರೆ ತಾಯಿಯಂತೆ ಧಣಿಯ ಸೊತ್ತು. ಸೂಲಗಿತ್ತಿಯ ಪುಸ್ತಕದಲ್ಲಿದ್ದ ಹೊತ್ತೇ ಕಚೇರಿಗೆ ಪ್ರಮಾಣ.

ತಂಗಿಗೆ ಬೆಳಗಿನಿಂದ ನೋವು.

"ಇನ್ನೊಂಚೂರು ತಡ್ಕೊಳೇ, ನಮ್ಮವ್ವ" ಎಂದು ಅಕ್ಕ ಗೋಗರೆದಳು.

"ತಡ್ಕೊಳ್ಳೋಕೆ ಇದೇನು ಸೀನಾ, ಅಕ್ಕಾ?"

ಕೂಸು ಸೂಲಗಿತ್ತಿಯ ಕೈಗೆ ಜಾರಿ ಕಿಟಾರನೆ ಕಿರುಚಿತು. ಹೆಣ್ಣು. ಬಾಗಿಲಾಚೆ ಗಡಿಯಾರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಧಣಿಯ ಹೆಂಡತಿ ಎದ್ದ ಸದ್ದಾಯಿತು.

"ಹುಟ್ತಲ್ಲ! ಬರ್ಕೋ. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇದೆ."

ಅಕ್ಕ ಸೂಲಗಿತ್ತಿಯ ತೋಳು ಹಿಡಿದು ಪಿಸುಗುಟ್ಟಿದಳು. "ಅಮ್ಮಾ, ಒಂದೇ ಒಂದು ಸುಳ್ಳು ಬರೀರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಸುಳ್ಳು ಬರೆಯೋ ಕೈಯಲ್ಲ ಇದು. ದೂರ ನಿಲ್ಲು."

ಆಮೇಲೆ ಬಾಗಿಲ ಕಡೆ ತಿರುಗಿ, ಅದೇ ಒಣ ದನಿಯಲ್ಲಿ, "ಹೊಕ್ಕುಳಬಳ್ಳಿ ಕತ್ತರಿಸಿದ ಹೊತ್ತನ್ನೇ ನಾನು ಬರೆಯೋದು, ಅಮ್ಮಾವ್ರೇ. ನಿಮ್ಮ ಮಕ್ಕಳದ್ದೂ ಹಾಗೇ ಬರೆದಿದ್ದೀನಿ" ಎಂದಳು.

"ಹಾಗಾದ್ರೆ ಕತ್ತರಿಸು! ಏನು ಮುಹೂರ್ತ ನೋಡ್ತಿದ್ದೀಯ?"

"ಕತ್ತರಿ ಕುದೀಬೇಕು. ನಂಜಾದ್ರೆ ನೀವು ಹೊಣೆ ಹೊರ್ತೀರಾ?"

ಕತ್ತರಿ ಕುದಿದು ಎಷ್ಟೋ ಹೊತ್ತಾಗಿತ್ತು. ಅಕ್ಕನೇ ಅದನ್ನು ತೆಗೆದು ಒಗೆದ ಬಟ್ಟೆಯ ಮೇಲಿಟ್ಟಿದ್ದಳು. ಸೂಲಗಿತ್ತಿ ಅದನ್ನೆತ್ತಿ ಮತ್ತೆ ಕುದಿಯುವ ನೀರಿಗೆ ಬಿಟ್ಟಳು. ಕೂಸನ್ನು ತಾಯಿಯ ಎದೆಯ ಮೇಲೆ ಮಲಗಿಸಿ, ಬಾಗಿಲಿಗೆ ಬೆನ್ನೊತ್ತಿ ಕೂತಳು. ಹೊರಗಿನಿಂದ ಯಾರೋ ತಳ್ಳಿದರು. ಅವಳು ಕಾಲೂರಿ ಇನ್ನಷ್ಟು ಒತ್ತಿದಳು.

ಕಚೇರಿಯ ಗಂಟೆ ಶುರುವಾಯಿತು. ಹೊಡೆತ ಎಣಿಸುತ್ತಿದ್ದ ಅಕ್ಕ ಹನ್ನೊಂದಕ್ಕೇ ಕತ್ತರಿಯತ್ತ ಕೈ ನೀಡಿದಳು.

"ಇರು" ಎಂದಳು ಸೂಲಗಿತ್ತಿ.

ಹನ್ನೆರಡನೆಯ ಹೊಡೆತದ ಗುಂಗು ಪೂರ್ತಿ ಅಡಗಿದ ಮೇಲೆ ಎದ್ದು, ನೀರಿನಿಂದ ಕತ್ತರಿ ತೆಗೆದಳು.